ಮಗಳಿಗೆ ಹಿಮನದಿ ತೋರಿಸಿದ್ದು

ಕೋಪ ಪಾಪವೆಂದು ನಾನು ಬೋಧನೆಯ ಪೀಠದಲ್ಲಿ ನಿಂತು ಹತ್ತಾರು ಸಲ ಹೇಳಿದ್ದೇನೆ. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತಿಲ್ಲ. ಆದರೆ ಹಾಗೆ ಹೇಳುವಾಗ ನಾನಿನ್ನೂ ಹದಿನೇಳರ ಮಗಳನ್ನು ಹಡಗು ಹತ್ತಿಸಿ ಅಲಾಸ್ಕಕ್ಕೆ ಕರೆದೊಯ್ದಿರಲಿಲ್ಲ ಎಂಬುದನ್ನು ಸಭೆಯವರು ದಯವಿಟ್ಟು ಗಮನಿಸಬೇಕು.

ನಾನು ದೀಕ್ಷೆ ಪಡೆದ ಪಾದ್ರಿಯಲ್ಲ. ನೆಬ್ರಾಸ್ಕದ ಒಂದು ಸಣ್ಣ ಊರಿನಲ್ಲಿ ಮುಸುಕಿನ ಜೋಳದ ಬೀಜ ಮಾರುವವನು; ಸುತ್ತಲಿನ ಮೂರು ಚರ್ಚುಗಳಿಗೆ ಪಾದ್ರಿಗಳು ದೊರೆಯದ ಭಾನುವಾರಗಳಲ್ಲಿ ಬೋಧಿಸುವವನು. ನಮ್ಮ ಸೀಮೆಯ ನೆಲ ಇಸ್ತ್ರಿ ಮಾಡಿಟ್ಟಷ್ಟು ಸಮ. ಆದ್ದರಿಂದ ದೇವರು ಎತ್ತರವಾದುದನ್ನೂ ಮಾಡಿದ್ದಾನೆಂದು ಮಗಳಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಹಂಬಲ. ಬ್ರಿಟ್ಟಾ ಬರುವ ವರ್ಷ ಕಾಲೇಜಿಗೆಂದು ಮನೆ ಬಿಡುತ್ತಾಳೆ. ಅದಕ್ಕೆ ಮೊದಲು ಒಮ್ಮೆ, ಒಂದೇ ಒಂದು ಸಲ, ಸೃಷ್ಟಿಕರ್ತನ ಕೈಕೆಲಸದ ಮುಂದೆ ಅಪ್ಪ ಮಗಳು ಅಕ್ಕಪಕ್ಕ ನಿಲ್ಲಬೇಕು. ನಾನು ಕೇಳಿದ್ದು ಇಷ್ಟೇ.

ನನಗೆ ದೊರೆತದ್ದು ಏನು? ಜುಲೈ ತಿಂಗಳಿನಲ್ಲಿ ತಲೆಯವರೆಗೂ ಮುಸುಕೆಳೆದ ಬೂದು ಬಣ್ಣದ ಅಂಗಿ, ಮುಸುಕಿನೊಳಗೆ ಕಪ್ಪು ಕನ್ನಡಕ, ಕಿವಿಗಳ ಮೇಲೆ ಕಾಫಿಬಟ್ಟಲಿನಷ್ಟು ದಪ್ಪದ ಹೆಡ್‌ಫೋನು. ಒಳಗೆ ನನ್ನ ಮಗಳಿದ್ದಾಳೆಂದು ವಿಶ್ವಾಸದಿಂದ ನಂಬಬೇಕಾಗಿತ್ತು. ಅವಳು ಏಳುವುದು ಮಧ್ಯಾಹ್ನ, ತಿನ್ನುವುದು ಪಿಜ್ಜಾ. ಮೂರನೆಯ ದಿನ, ಬಸ್ಸಿನಷ್ಟು ಉದ್ದದ ತಿಮಿಂಗಿಲವೊಂದು ನೀರಿನಿಂದ ಪೂರ್ತಿ ಮೇಲೆದ್ದು, ಆಕಾಶವನ್ನು ನೋಡಿ, ಮತ್ತೆ ಬಿದ್ದಿತು. ನನ್ನ ಕಣ್ಣುಗಳು ತುಂಬಿ ಬಂದವು. ಬ್ರಿಟ್ಟಾ ಒಂದು ಕಿವಿಯ ಬಟ್ಟಲನ್ನು ಸರಿಸಿ, ಊಟ ಎಷ್ಟು ಹೊತ್ತಿಗೆ ಎಂದು ಕೇಳಿದಳು. (ಆ ತಿಮಿಂಗಿಲ ಮತ್ತೆ ಮೇಲೇಳಲಿಲ್ಲ. ನಾನು ಅದನ್ನು ದೂಷಿಸುವುದಿಲ್ಲ.)

ಕೋಪಕ್ಕೆ ತುಪ್ಪ ಸುರಿದವನು ಕೆತುತ್. ನಮ್ಮ ಸಾಲಿನ ಕೋಣೆಗಳನ್ನು ಓರಣ ಮಾಡುವ ಬಾಲಿ ದ್ವೀಪದ ಸಜ್ಜನ. ಪ್ರಯಾಣಿಕರು ಸಂಜೆ ಊಟಕ್ಕೆ ಹೋದಾಗ ಟವೆಲುಗಳನ್ನು ಮಡಿಸಿ ಆನೆಯನ್ನೋ ಹಂಸವನ್ನೋ ಮಾಡಿ ಹಾಸಿಗೆಯ ಮೇಲೆ ಕೂರಿಸುವುದು ಹಡಗಿನ ಪದ್ಧತಿ. ಆ ಕಲೆಯಲ್ಲಿ ಅವನು ನಿಸ್ಸೀಮ. ಹೆತ್ತ ತಂದೆಗೆ ದಿನಕ್ಕೆ ನಾಲ್ಕು ಶಬ್ದ ದಯಪಾಲಿಸುವ ನನ್ನ ಮಗಳು ಕೋಣೆಗಳ ನಡುವಿನ ಓಣಿಯಲ್ಲಿ ಅವನೊಡನೆ ನಿಂತು, ಟವೆಲಿನಲ್ಲಿ ಸೊಂಡಿಲು ಸುತ್ತುವ ಬಗೆಯನ್ನು ಅರ್ಧ ಗಂಟೆ ಚರ್ಚಿಸುತ್ತಿದ್ದಳು.

ಐದನೆಯ ದಿನ ಬೆಳಿಗ್ಗೆ ಹಡಗು ಹಿಮನದಿಯ ಮುಂದೆ ನಿಲ್ಲುವುದಿತ್ತು. ಹಿಂದಿನ ಸಂಜೆ ಊಟದ ಮೇಜಿನಲ್ಲಿ ನಾನು ಶಾಸನ ಹೊರಡಿಸಿದೆ: ನಾಳೆ ಬೆಳಿಗ್ಗೆ ಎಲ್ಲರೂ ಎದ್ದು, ಮಾನವಾಗಿ ಬಟ್ಟೆ ಧರಿಸಿ, ಮೇಲಿನ ಅಂತಸ್ತಿನ ಕಟಕಟೆಯ ಬಳಿ ಹಾಜರಿರತಕ್ಕದ್ದು.

"ಐಸ್ ಎಲ್ಲೂ ಓಡಿಹೋಗಲ್ಲ ಅಪ್ಪ," ಎಂದಳು ಬ್ರಿಟ್ಟಾ. "ಹತ್ತು ಸಾವಿರ ವರ್ಷದಿಂದ ಅಲ್ಲೇ ಇದೆಯಂತೆ."

"ನೀನು ಹದಿನೇಳು ವರ್ಷದಿಂದ ಹಾಸಿಗೇಲೇ ಇದ್ದೀಯ," ಎಂದೆ.

"ಮೆರಿಟ್, ಸಾಕು," ಎಂದಳು ನನ್ನ ಹೆಂಡತಿ ಲೋರ್ನಾ. "ನೀನು ಬೈತಿದ್ರೆ ಪಕ್ಕದ ಮೇಜಿನವರು ತಲೆ ಬಗ್ಗಿಸ್ತಿದ್ದಾರೆ. ಪ್ರಾರ್ಥನೆ ಅಂದ್ಕೊಂಡಿರ್ಬೇಕು."

ಬೆಳಿಗ್ಗೆ ಲೋರ್ನಾ ಕಾಫಿ ಹಿಡಿದು ಮೊದಲೇ ಮೇಲೆ ಹೋದಳು. ನಾನು ಕ್ಷೌರ ಮುಗಿಸಿ, ಟೈ ಕಟ್ಟಿಕೊಂಡು (ಸೃಷ್ಟಿಕರ್ತನ ಎದುರು ತೆರೆದ ಕೊರಳಿನಲ್ಲಿ ನಿಲ್ಲುವವನು ನಾನಲ್ಲ), ಬ್ರಿಟ್ಟಾಳ ಕೋಣೆಯ ಬಾಗಿಲು ಬಡಿದೆ. ನಮ್ಮ ಕೋಣೆಯ ಎದುರಿಗೇ ಇದ್ದ, ಕಿಟಕಿಯಿಲ್ಲದ ಸಣ್ಣ ಕೋಣೆ. ಉತ್ತರವಿಲ್ಲ. ನನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆರೆದೆ.

ಕತ್ತಲೆ. ಓಣಿಯ ಮಂದ ಬೆಳಕಿನಲ್ಲಿ, ಹಾಸಿಗೆಯ ಮೇಲೆ ಗೋಡೆಗೊರಗಿ, ಹೊದಿಕೆಯನ್ನು ಸೊಂಟದವರೆಗೆ ಎಳೆದುಕೊಂಡು ಕುಳಿತಿದ್ದಳು: ಮುಸುಕು, ಕನ್ನಡಕ, ಕಿವಿಬಟ್ಟಲು. ಎದ್ದಿದ್ದಾಳೆ, ಮತ್ತು ಬಾಗಿಲು ತೆಗೆಯಲಿಲ್ಲ! ನಾನು ದೀಪ ಹಾಕಲಿಲ್ಲ. ಅವಳ ಮುಖ ಕಂಡರೆ ನನ್ನ ಕೋಪ ಕರಗುತ್ತದೆ. ಆ ದೌರ್ಬಲ್ಯ ನನಗೆ ಗೊತ್ತು.

ಬಳಿಕ ನಾನು ಬೋಧಿಸಿದೆ. ಮೂರು ಭಾಗಗಳಲ್ಲಿ ಬೋಧಿಸಿದೆ. ಮೊದಲನೆಯದು ಕೃತಘ್ನತೆ, ಎರಡನೆಯದು ನಿದ್ರೆ, ಮೂರನೆಯದು ತಿಮಿಂಗಿಲಕ್ಕಾದ ಅವಮಾನ. ಆಶ್ಚರ್ಯವೆಂದರೆ ಅವಳು ಎದುರು ಮಾತನಾಡಲಿಲ್ಲ, ನಿಟ್ಟುಸಿರಿಡಲಿಲ್ಲ, ಫೋನು ಮುಟ್ಟಲಿಲ್ಲ. ಮೂವತ್ತು ವರ್ಷಗಳ ಸೇವೆಯಲ್ಲಿ ಯಾವ ಸಭೆಯೂ ನನಗೆ ಅಂಥ ಅಖಂಡ ಗಮನವನ್ನು ಕೊಟ್ಟಿಲ್ಲ. ಆ ಮೌನ ನನ್ನನ್ನು ಮೆತ್ತಗೆ ಮಾಡಿತು. ಮೊಣಕಾಲೂರಿದೆ, ಕಣ್ಣು ಮುಚ್ಚಿದೆ.

"ನಿನ್ನ ಕಳಿಸಿಕೊಡ್ಬೇಕಲ್ಲ ಅನ್ನೋ ಭಯಕ್ಕೆ ಬೈತೀನಿ ಮಗಳೇ," ಎಂದೆ. "ಅದನ್ನ ಹೇಳೋಕೆ ಬರಲ್ಲ, ಅದಕ್ಕೇ ಬೈತೀನಿ."

ಹಾಗೆನ್ನುತ್ತ ಅವಳ ಕೈಯನ್ನು ಹಿಡಿದೆ. ಅಂಗಿಯ ತೋಳಿನೊಳಗೆ ಕೈ ಇರಲಿಲ್ಲ.

"ಸರ್, ಕ್ಷಮಿಸಿ," ಎಂದಿತು ಬಾಗಿಲ ಬಳಿಯಿಂದ ಒಂದು ಮೃದು ಧ್ವನಿ. ಕೆತುತ್, ಹೊಸ ಹಾಸುಗಳ ರಾಶಿ ಹಿಡಿದು, ತಲೆ ಬಾಗಿಸಿ ನಿಂತಿದ್ದ. "ಅದು ಮಂಗ ಸರ್. ನಿನ್ನೆ ನಾನೇ ಮಾಡಿದ್ದು. ಬಟ್ಟೆ ಮಾತ್ರ ಬ್ರಿಟ್ಟಾ ಮಿಸ್ ಹಾಕಿದ್ದು."

ನಾನು ಅದರ ಕಪ್ಪು ಕನ್ನಡಕವನ್ನು ಸರಿಸಿದೆ. ಮಂಗವೇ. ಬಿಳಿಯ ಟವೆಲಿನ, ಸಂಭಾವಿತ ಮುಖದ ಮಂಗ; ಕೆಳಗೆ ಎರಡು ದಿಂಬು.

ಎಷ್ಟು ಹೊತ್ತಿನಿಂದ ನಿಂತಿದ್ದೀಯ ಎಂದು ವಿಚಾರಿಸಿದೆ.

"ಎರಡನೇ ಭಾಗದಿಂದ ಸರ್. ಚೆನ್ನಾಗಿತ್ತು. ಮಿಸ್ ಐದು ಗಂಟೆಗೇ ಮೇಲೆ ಹೋದ್ರು, ನಿಮಗೆ ಜಾಗ ಹಿಡಿಯೋಕೆ."

ಟೈ ಹೆಗಲ ಮೇಲೆ ಹಾರುತ್ತಿರಲು ಏಳು ಅಂತಸ್ತು ಹತ್ತಿ ಓಡಿದೆ. ಬಲಗಡೆಯ ಕಟಕಟೆಗೆ ತಾಗಿದ್ದ ಬೆಂಚಿನಲ್ಲಿ ಲೋರ್ನಾ, ಅವಳ ಪಕ್ಕದಲ್ಲಿ ಮುಸುಕಿಲ್ಲದೆ, ಕೆಂಪು ಮೂಗಿನ, ಸ್ವರ ಬಿದ್ದ ಬ್ರಿಟ್ಟಾ. ಅವರಿಬ್ಬರ ನಡುವೆ ನನ್ನ ಅಗಲದ ಖಾಲಿ ಜಾಗ. ಎದುರಿಗೆ ಹಿಮದ ಗೋಡೆ. ಅದರ ಬುಡದಲ್ಲಿ ನೀರು ಇನ್ನೂ ಕುದಿಯುತ್ತಿತ್ತು. ಒಂದು ಚರ್ಚಿನಷ್ಟು ದೊಡ್ಡ ತುಂಡು ಈಗಷ್ಟೇ ಕಳಚಿ ಬಿದ್ದಿತ್ತಂತೆ. ಅದನ್ನು ಕಂಡು ಕೂಗಿ ಕೂಗಿ ಬ್ರಿಟ್ಟಾಳ ಗಂಟಲು ಕಟ್ಟಿತ್ತು.

"ಎಲ್ಲಿದ್ದೆ ಅಪ್ಪ? ಅದು ಮಂಗ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ, ನಗ್ತಾ ಮೇಲೆ ಬರ್ತೀಯ ಅಂದ್ಕೊಂಡಿದ್ದೆ. ಮುಕ್ಕಾಲು ಗಂಟೆ ಕೆಳಗೆ ಏನ್ ಮಾಡ್ತಿದ್ದೆ?"

"ಮಾತಾಡ್ತಿದ್ದೆ."

"ಅದರ ಜೊತೇನಾ?"

ಲೋರ್ನಾ ಸಮುದ್ರದ ಕಡೆ ತಿರುಗಿದಳು. ಅವಳ ಭುಜಗಳು ಕುಲುಕುತ್ತಿದ್ದವು.

ನನ್ನ ಕೋಪ ತನ್ನ ಉತ್ತುಂಗಕ್ಕೇರಿತೆಂದು ಬೇರೆ ಹೇಳಬೇಕಾಗಿಲ್ಲ. ಮಗಳ ಮೇಲೆ, ಮಂಗನ ಮೇಲೆ, ಹತ್ತು ಸಾವಿರ ವರ್ಷ ಕಾದು ಇನ್ನು ಹತ್ತು ನಿಮಿಷ ಕಾಯಲಾರದೆ ಹೋದ ಆ ಹಿಮನದಿಯ ಮೇಲೆ. ಆದರೂ ನನಗಾಗಿ ಇಟ್ಟ ಜಾಗದಲ್ಲಿ ಕುಳಿತೆ.

"ಇನ್ನೊಂದು ಬೀಳುತ್ತೆ," ಎಂದಳು ಬ್ರಿಟ್ಟಾ. "ನೋಡ್ತಾ ಇರು. ಮಾತಾಡ್ಬೇಡ."

ಮಾತನಾಡದೆ ನೋಡಿದೆ. ಐದು ನಿಮಿಷವಾಗಿರಬಹುದು, ನನ್ನ ಬಲಭುಜದ ಮೇಲೆ ಏನೋ ಭಾರವಾಗಿ ಕುಳಿತಿತು. ಅವಳ ತಲೆ. ಐದು ಗಂಟೆಗೆ ಎದ್ದವಳು, ಬಾಯಿ ಸ್ವಲ್ಪ ತೆರೆದು, ಮಗುವಿನಂತೆ ನಿದ್ರೆ ಹೋಗಿದ್ದಳು. ಅವಳು ಹೀಗೆ ಕೊನೆಯ ಸಲ ನನಗೆ ಒರಗಿದ್ದು ಎರಡನೆಯ ತರಗತಿಯಲ್ಲಿ, ಒಂದು ಕ್ರಿಸ್ಮಸ್ ಆರಾಧನೆಯಲ್ಲಿ, ಅದೂ ನನ್ನ ಬೋಧನೆ ಇಲ್ಲದ ದಿನ.

ಆಗ ಹಡಗು ತಿರುಗತೊಡಗಿತು. ಎರಡೂ ಮಗ್ಗುಲಿನವರಿಗೆ ಕಾಣಲೆಂದು ಹಿಮನದಿಯ ಮುಂದೆ ಹಡಗನ್ನು ನಿಂತಲ್ಲೇ ತಿರುಗಿಸುವುದು ಕಪ್ತಾನರ ನ್ಯಾಯ. ಹಿಮದ ಗೋಡೆ ನಿಧಾನವಾಗಿ ಸರಿಯಿತು, ಬೆನ್ನ ಹಿಂದೆ ಹೋಯಿತು. ಜನರೆಲ್ಲ ಎದ್ದು ಆಚೆ ಬದಿಗೆ ನಡೆದರು. ಲೋರ್ನಾ ದೂರದಿಂದ ಕೈಬೀಸಿ ಕರೆದಳು. ನಾನು ತಲೆಯಾಡಿಸಿ ಭುಜವನ್ನು ತೋರಿಸಿದೆ. ನನ್ನ ಮುಂದೆ ಒದ್ದೆ ಬಂಡೆ, ಬೂದು ನೀರು, ಒಂದು ಕಡಲಹಕ್ಕಿ.

ಹಿಂದೆ ಆಕಾಶವೇ ಬಿರಿದಂತೆ ಸದ್ದಾಯಿತು. ಇಡೀ ಹಡಗು ಒಂದೇ ಗಂಟಲಿನಲ್ಲಿ ಉದ್ಗರಿಸಿತು. ಭುಜವನ್ನು ಅಲುಗಿಸದೆ ಕತ್ತನ್ನು ದೇವರು ಅನುಮತಿಸಿದಷ್ಟು ತಿರುಗಿಸಿದೆ. ಕಂಡದ್ದು ಒಬ್ಬ ಭಾರಿ ಮನುಷ್ಯನ ಹಳದಿ ಮಳೆಯಂಗಿಯ ಬೆನ್ನು.

ಸದ್ದಿಗೆ ಬ್ರಿಟ್ಟಾ ಕಣ್ಣು ತೆರೆದಳು. ಭುಜದಿಂದ ತಲೆಯನ್ನು ಮಾತ್ರ ಎತ್ತಲಿಲ್ಲ.

"ಬಿತ್ತಾ ಅಪ್ಪ?"

"ಬಿತ್ತು."

"ಕೊನೆಗೂ ನೋಡಿದೆಯಲ್ಲ. ಹೇಗಿತ್ತು?"

ಬೋಧಿಸುವವನು ಸುಳ್ಳಾಡಬಾರದು.

"ಹಳದಿಯಾಗಿತ್ತು," ಎಂದೆ.