ಸಣ್ಣ ಟರ್ಬೊವೋ ದೊಡ್ಡ ಟರ್ಬೊವೋ

ಸ್ನಾನಕ್ಕೆ ಹೋಗುವಾಗ ಫೋನನ್ನು ಹೊರಗೆ ಬಿಟ್ಟದ್ದೇ ಟರ್ಬೊ ಮೇಷ್ಟ್ರು ಅವತ್ತು ಮಾಡಿದ ಮೊದಲ ತಪ್ಪು. ಶನಿವಾರ ಬೆಳಿಗ್ಗೆ ಎಂಟೂವರೆ. ಮೈಗೆಲ್ಲ ಸೋಪು ಬಳಿದುಕೊಂಡು ನಿಂತಿದ್ದಾಗ ಅದು ಬಡಕೊಂಡಿತು. ಹೆಂಡತಿ ಎತ್ತಿದಳು. ಆ ಕಡೆಯಿಂದ ಗ್ಯಾರೇಜಿನ ಅಕ್ಕ ಕೇಳಿದ ಪ್ರಶ್ನೆಯನ್ನು ಬಚ್ಚಲಿನ ಬಾಗಿಲ ಸಂದಿಗೆ ಬಾಯಿಟ್ಟು, ಮೂರು ಮನೆಗೆ ಕೇಳುವ ಹಾಗೆ ಕೂಗಿ ಹೇಳಿದಳು.

"ರೀ, ಸಣ್ಣದು ಹಾಕ್ಲಾ ದೊಡ್ಡದು ಹಾಕ್ಲಾ ಅಂತಿದಾರೆ. ಆಮೇಲೆ ಪೆಟ್ರೋಲಾ ಎಥೆನಾಲಾ ಅಂತ. ಒಂಬತ್ತರೊಳಗೆ ಹೇಳ್ಬೇಕಂತೆ."

ಮೇಷ್ಟ್ರು ಕಣ್ಣಿಗೆ ಹೋದ ಸೋಪು ಒರೆಸಿಕೊಳ್ಳುವಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯ ಬೇಕರಿಯವನ ಉತ್ತರ ಬಂದೇಬಿಟ್ಟಿತು.

"ದೊಡ್ಡದೇ ಹಾಕ್ಸಿ ಮೇಷ್ಟ್ರೇ. ಮಾಡೋದೇ ಮಾಡ್ತೀರಿ, ಸಣ್ಣದ್ಯಾಕೆ?"

ಮೇಷ್ಟ್ರು ನಿಜವಾಗಿ ಮೇಷ್ಟ್ರಲ್ಲ. ಊರಿನ ಲೈಬ್ರರಿ ನೋಡಿಕೊಳ್ಳುವವರು. ಬಂದ ಪುಸ್ತಕಕ್ಕೆ ನಂಬರು ಬರೆಯುವ ಮುಂಚೆ ಅದನ್ನೊಮ್ಮೆ ಓದಿ ಮುಗಿಸುವ ಅಭ್ಯಾಸ ಅವರದು. ಹಾಗಾಗಿ ಹತ್ತು ವರ್ಷದಲ್ಲಿ ಕಾರಿನ ಪುಸ್ತಕ, ಕಾರಿನ ಪತ್ರಿಕೆ ಒಂದನ್ನೂ ಬಿಟ್ಟಿರಲಿಲ್ಲ. ಓದುವ ಮೇಜಿನ ಸುತ್ತ ನಾಲ್ಕು ಜನ ಕೂತರೆ ಸಾಕು, ಶುರು. ಡ್ರಿಫ್ಟ್ ಅಂದರೆ ತಿರುವಿನಲ್ಲಿ ಬೇಕಂತಲೇ ಹಿಂದಿನ ಚಕ್ರ ಜಾರಿಸಿ ಕಾರನ್ನು ಅಡ್ಡಡ್ಡ ಓಡಿಸುವುದು. ಟರ್ಬೊ ಅಂದರೆ ಎಂಜಿನ್ನು ಬಿಟ್ಟ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ ಅದೇ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಯಂತ್ರ. ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ, ಬಾಯಲ್ಲಿ ಟೈರಿನ ಸದ್ದು ಮಾಡಿ ತೋರಿಸುತ್ತಿದ್ದರು. ಪುಸ್ತಕದಲ್ಲಿ ಹೇಳಿದ್ದಾರೆಂದು ಹಿಂದಿನ ಚಕ್ರದಿಂದ ಓಡುವ ಒಂದು ಹಳೇ ಕಾರನ್ನೂ ಕೊಂಡಿದ್ದರು. ಅದನ್ನು ಮೂವತ್ತರ ಮೇಲೆ ಓಡಿಸಿದವರಲ್ಲ. ತಿರುವು ಬಂದರೆ ಕಾರಿಗಿಂತ ಮೊದಲು ಅವರೇ ವಾಲುತ್ತಿದ್ದರು. ಹಿಂದಕ್ಕೆ ತೆಗೆಯುವಾಗ ತಲೆ ಸುತ್ತು ಬರುತ್ತಿತ್ತು.

ಈ ಅಂಜಿಕೆ ಬೇಕರಿಯವನಿಗೆ ಗೊತ್ತಿರಲಿಲ್ಲ, ಅವನು ಕಂಡದ್ದು ಮೇಜಿನ ಸುತ್ತಲ ಪಾಠ ಮಾತ್ರ. ಊರಾಚೆಯ ಹಳೇ ವಿಮಾನ ಮೈದಾನದಲ್ಲಿ ಹೊಸಬರಿಗಾಗಿ ಡ್ರಿಫ್ಟ್ ಸ್ಪರ್ಧೆ ಎಂದು ತಿಳಿದ ದಿನವೇ ಅಭಿಮಾನ ತಡೆಯಲಾರದೆ ಮೇಷ್ಟ್ರ ಹೆಸರು ಬರೆಸಿ ಬಂದಿದ್ದ. ಗ್ಯಾರೇಜಿನ ಅಕ್ಕ, ಕಾರಿನ ಬಾಗಿಲ ಮೇಲೆ ನಮ್ಮ ಗ್ಯಾರೇಜಿನ ಬೋರ್ಡು ಅಂಟಿಸಿದರೆ ಸಾಕು, ಟರ್ಬೊ ನಾನೇ ಕೂರಿಸಿಕೊಡ್ತೀನಿ ಎಂದಿದ್ದಳು. ಬೇಕರಿಯವನು ಸುದ್ದಿ ಹೇಳಿದಾಗ ಲೈಬ್ರರಿಯಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಆಗೋದಿಲ್ಲ ಅಂತ ಹೇಳಿದರಾಯಿತು ಎಂದುಕೊಂಡಿದ್ದರು ಮೇಷ್ಟ್ರು. ಹದಿನೈದು ದಿನವಾದರೂ ಹೇಳಿರಲಿಲ್ಲ. ಸ್ಪರ್ಧೆ ನಾಳೆಯೇ. ಇವತ್ತು ಸಂಜೆ ಐದಕ್ಕೆ ಕಾರಿನ ತಪಾಸಣೆ.

ಬಚ್ಚಲಲ್ಲಿ ನಿಂತೇ ಅವರಿಗೊಂದು ಉಪಾಯ ಹೊಳೆಯಿತು. ಟವೆಲ್ಲು ಸುತ್ತಿಕೊಂಡು ಬಂದು ಫೋನು ಇಸಕೊಂಡರು.

"ಅಕ್ಕಾ, ದೊಡ್ಡ ಟರ್ಬೊ. ಎಥೆನಾಲ್."

ಆ ಕಡೆ ಅಕ್ಕ ಸ್ಪ್ಯಾನರ್ ಕೆಳಗಿಟ್ಟ ಸದ್ದು. "ಸರ್, ಎಥೆನಾಲ್ ಅಂದ್ರೆ ಸುಮ್ನೆ ಅಲ್ಲ. ಎಂಜಿನ್ನಿಗೆ ಜಾಸ್ತಿ ಬೇಕು ಅದು. ಪಂಪು ದೊಡ್ಡದು ಹಾಕ್ಬೇಕು, ಇಂಧನ ಚಿಮ್ಮಿಸೋ ಇಂಜೆಕ್ಟರು ಬೇರೆ, ಪೈಪು ಬೇರೆ. ಐದರೊಳಗೆ ಅಂದ್ರೆ ಕಷ್ಟ."

"ಗೊತ್ತು. ಆದ್ರೆ ಮಾಡಿದ್ರೆ ಸರಿಯಾಗೇ ಮಾಡ್ಬೇಕು, ಇಲ್ದಿದ್ರೆ ಮಾಡಬಾರ್ದು. ಆಗ್ಲಿಲ್ಲ ಅಂದ್ರೆ ನಂಗೇನೂ ಬೇಜಾರಿಲ್ಲ, ಮುಂದಿನ ವರ್ಷ ನೋಡೋಣ."

ಫೋನಿಟ್ಟಾಗ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹದಿನೈದು ದಿನದಿಂದ ಗಂಟಲಲ್ಲಿ ಇಳಿಯದಿದ್ದ ತಿಂಡಿ ಅವತ್ತು ಎರಡೆರಡು ಸಲ ಬಡಿಸಿಕೊಂಡು ಇಳಿಯಿತು. ಗುನುಗುತ್ತಾ ಲೈಬ್ರರಿಗೆ ನಡೆದು ಹೋದರು.

ಹನ್ನೊಂದು ಗಂಟೆಗೆ ಬೇಕರಿಯವನು ಮೈದಾ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದ. ಹಿಂದೆಯೇ ಮೇಷ್ಟ್ರ ಮಾವ. ಮಾವ ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗಲೂ ಬಾಗಿಲು ದಾಟುವಾಗ ಎಡಕ್ಕೆ ಬಲಕ್ಕೆ ನೋಡುತ್ತಿದ್ದರು.

"ಪಂಪು ಸಿಕ್ತು ಮೇಷ್ಟ್ರೇ," ಎಂದ ಬೇಕರಿಯವನು. "ನನ್ನ ಷಡ್ಡಕನ ಕಾರಿಂದೇ ಬಿಚ್ಚಿಸ್ದೆ. ಇಂಜೆಕ್ಟರೂ ಸಿಕ್ತು. ಪಾಪ, ಅವನು ನಾಳೆ ಬಸ್ಸಲ್ಲಿ ಬರ್ತಾನಂತೆ ನಿಮ್ಮನ್ನ ನೋಡೋಕೆ."

"ಎಥೆನಾಲ್ ಸಿಗಲ್ಲವಲ್ಲ," ಎಂದರು ಮೇಷ್ಟ್ರು, ಕಪಾಟಿನ ಅಂಚು ಹಿಡಿದುಕೊಂಡು.

"ಸಿಕ್ತು ಅಳಿಯಂದ್ರೇ," ಎಂದರು ಮಾವ. "ಸಕ್ಕರೆ ಕಾರ್ಖಾನೇಲಿ ನನ್ನ ಹಳೇ ಸ್ನೇಹಿತ ಇದಾನೆ. ಎರಡು ಕ್ಯಾನು ಕೊಟ್ಟ. ನೀವು ಮನಸ್ಸಿಗೆ ಹಚ್ಕೋಬೇಡಿ, ಆಯ್ತಾ?"

ಮೇಷ್ಟ್ರ ಹೊಟ್ಟೆಯೊಳಗಿನ ಹಾಲು ಒಡೆದುಹೋಯಿತು.

ಮಧ್ಯಾಹ್ನ ಊಟ ಬಿಟ್ಟು ಗ್ಯಾರೇಜಿಗೆ ಓಡಿದರು. ಹೇಗೂ ಹೋಗಲೇಬೇಕಾದರೆ ಇರುವುದರಲ್ಲೇ ಸಾಧುವಾದದ್ದು ಇರಲಿ ಎಂಬುದು ಹೊಸ ಲೆಕ್ಕ. ಅಕ್ಕ ಕಾರಿನ ಬಾಯೊಳಗೆ ಅರ್ಧ ಇಳಿದಿದ್ದಳು.

"ಅಕ್ಕಾ, ನಾನು ಮತ್ತೆ ಯೋಚಿಸ್ದೆ. ಸಣ್ಣ ಟರ್ಬೊನೇ ಸರಿ. ಕಾಲಿಟ್ಟ ಕೂಡ್ಲೆ ಬಲ ಬರುತ್ತೆ, ಡ್ರಿಫ್ಟಿಗೆ ಅದೇ ಮುಖ್ಯ. ದೊಡ್ಡದು ತಡವಾಗಿ ಬರುತ್ತೆ. ಪೆಟ್ರೋಲೇ ಇರ್ಲಿ, ಎಲ್ಲಾ ಕಡೆ ಸಿಗುತ್ತೆ."

ಅಕ್ಕ ಹೊರಗೆ ಬಂದು ಕೈ ಒರೆಸಿಕೊಂಡಳು. "ಬೆಳಿಗ್ಗೆಯಿಂದ ಏಳನೇ ಮಾತು ಸರ್ ಇದು. ಬೇಕರಿಯವರು ಮೂರು ಸಲ ಫೋನ್ ಮಾಡಿ ದೊಡ್ಡದು, ದೊಡ್ಡದು ಅಂದ್ರು. ನಿಮ್ಮ ಮನೆಯವರು ಸಣ್ಣದು, ತಿಳಿ ಬಣ್ಣದ್ದು ಅಂದ್ರು. ಸೀಟಿನ ಕವರು ಅಂದ್ಕೊಂಡಿದ್ರು ಅಂತ ಆಮೇಲೆ ಗೊತ್ತಾಯ್ತು. ನಿಮ್ಮ ಮಾವ ಟರ್ಬೊನೇ ಬೇಡ, ನಲವತ್ತು ವರ್ಷದಲ್ಲಿ ನನ್ನ ಬಸ್ಸು ಒಂದಿನಾನೂ ಅಡ್ಡ ಹೋಗ್ಲಿಲ್ಲ ಅಂದ್ರು. ನಾನು ಫೋನನ್ನ ಸ್ಪ್ಯಾನರ್ ಡಬ್ಬಿಯೊಳಗೆ ಹಾಕಿ ಮುಚ್ಚಿಟ್ಟು ಕೆಲಸ ಮುಗಿಸ್ದೆ. ದೊಡ್ಡದು ಕೂತಾಯ್ತು. ಕಂಪ್ಯೂಟರು ಹಚ್ಚಿ ಎಥೆನಾಲಿಗೇ ಹೊಂದಿಸಿದ್ದೂ ಆಯ್ತು. ಬನ್ನಿ, ಹತ್ತಿ ನೋಡಿ."

ಎಂಜಿನ್ನಿನ ಪಕ್ಕ, ಹತ್ತು ಜನರ ಅಡುಗೆಯ ಪಾತ್ರೆಯಷ್ಟು ದಪ್ಪಗೆ, ಆ ಟರ್ಬೊ ಕೂತಿತ್ತು. ಮೇಷ್ಟ್ರು ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡು ಅಂಗಳದಲ್ಲಿ ಮೆಲ್ಲಗೆ ಒತ್ತಿದರು. ಏನೂ ಆಗಲಿಲ್ಲ. ಸಮಾಧಾನವಾಯಿತು. ಇನ್ನೊಂದಿಷ್ಟು ಒತ್ತಿದರು. ಆಗಲೂ ಏನಿಲ್ಲ. ಅಷ್ಟೇನೂ ಭಯಂಕರ ಅಲ್ಲ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಆನೆ ಬಿಟ್ಟ ಹಾಗೆ ಕಾರು ನುಗ್ಗಿತು. ಹಳೇ ಟೈರುಗಳ ರಾಶಿಗೆ ಒಂದು ಗೇಣು ಉಳಿದಿದ್ದಾಗ ಎರಡೂ ಕಾಲು ಬ್ರೇಕಿನ ಮೇಲಿದ್ದವು. ಕನ್ನಡಕ ಮಾತ್ರ ಮುಂದೆ ಹೋಗಿ ಗಾಜಿಗೆ ಬಡಿದಿತ್ತು.

"ತಡವಾಗಿ ಬರುತ್ತೆ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಸರ್," ಎಂದಳು ಅಕ್ಕ ಮೆಚ್ಚುಗೆಯಿಂದ. "ಕರೆಕ್ಟಾಗಿ ಹಾಗೇ ಬಂತು."

ಮೂರೂವರೆಗೆ ಮೈದಾನಕ್ಕೆ ಹೊರಟರು. ಪಕ್ಕದ ಸೀಟಿನಲ್ಲಿ ಮಾವ. ಹಿಂದೆ ಸ್ಕೂಟರಿನಲ್ಲಿ ಅಕ್ಕ ಮತ್ತು ಬೇಕರಿಯವನು. ಮೇಷ್ಟ್ರು ಟರ್ಬೊ ಎಚ್ಚರವಾಗದ ಹಾಗೆ, ಮಲಗಿದ ಮಗುವನ್ನು ಒಯ್ಯುವ ಹಾಗೆ ಓಡಿಸಿದರು. ಸೈಕಲ್ಲುಗಳು ಮುಂದೆ ಹೋದವು. ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿ, ಮುಖ ತೊಳೆದು ನೀರು ಕುಡಿದು ಬಂದರು. ಮತ್ತೆ ಹೊರಟು ಒಂದು ಮೈಲಿ ಹೋಗುವಷ್ಟರಲ್ಲಿ ಕಾರು ಕೆಮ್ಮತೊಡಗಿತು. ಹಿಂದಿನಿಂದ ಕರಿ ಹೊಗೆ ಎದ್ದು ಸ್ಕೂಟರಿನ ಮೇಲಿದ್ದ ಇಬ್ಬರೂ ಕಾಣದಾದರು.

"ಯಾಕೋ ಸರಿ ಇಲ್ಲ," ಎಂದರು ಮೇಷ್ಟ್ರು.

"ಟ್ಯಾಂಕು ತುಂಬಿದೆ, ಯೋಚನೆ ಬೇಡ," ಎಂದರು ಮಾವ. "ಮುಳ್ಳು ಅರ್ಧಕ್ಕೆ ಇಳಿದಿತ್ತು. ನೀವು ಮುಖ ತೊಳೀತಿದ್ರಿ, ಅಷ್ಟರಲ್ಲಿ ಪೆಟ್ರೋಲ್ ಹಾಕಿಸ್ಬಿಟ್ಟೆ. ಟ್ಯಾಂಕು ತುಂಬದೆ ಡಿಪೋ ಬಿಟ್ಟವನಲ್ಲ ನಾನು."

ಮೇಷ್ಟ್ರು ಕಾರು ಪಕ್ಕಕ್ಕೆ ನಿಲ್ಲಿಸಿದರು. ಸ್ಪರ್ಧೆಯ ನಿಯಮಪುಸ್ತಕವನ್ನೂ ಅವರು ನಂಬರು ಬರೆಯುವ ಮುಂಚೆ ಓದಿದ್ದರು. ಎಥೆನಾಲಿನ ಪಂಗಡಕ್ಕೆ ನೂರಕ್ಕೆ ಎಂಬತ್ತೈದು ಪಾಲಾದರೂ ಎಥೆನಾಲೇ ಇರಬೇಕು. ಪೆಟ್ರೋಲಿನ ಪಂಗಡದಲ್ಲಿ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಬೇರೇನೂ ಬೆರೆಸಿರಬಾರದು. ಅವರು ಮಾವನ ಎರಡೂ ಕೈ ಹಿಡಿದುಕೊಂಡರು. ಮದುವೆಯಾದ ದಿನವೂ ಅಷ್ಟು ಪ್ರೀತಿಯಿಂದ ಹಿಡಿದಿರಲಿಲ್ಲ.

"ಮಾವ, ನೀವು ದೊಡ್ಡವರು."

"ಅದಕ್ಕೇನು ಬಿಡಿ," ಎಂದರು ಮಾವ.

ಮೈದಾನದಲ್ಲಿ ತಪಾಸಣೆಯವರು ಕಡ್ಡಿಯಂಥ ಮನುಷ್ಯ. ಕಾರಿನ ಟ್ಯಾಂಕಿನಿಂದ ಒಂದಿಷ್ಟನ್ನು ಗಾಜಿನ ನಳಿಗೆಗೆ ತೆಗೆದು, ನೀರು ಬೆರೆಸಿ, ಅಲ್ಲಾಡಿಸಿ ಬಿಸಿಲಿಗೆ ಹಿಡಿದರು. ಎಥೆನಾಲು ನೀರಿನ ಜೊತೆ ಕೆಳಗೆ ಹೋಯಿತು. ಪೆಟ್ರೋಲು ಮೇಲೆ ತೇಲಿ ನಿಂತಿತು.

"ಅರ್ಧಕ್ಕರ್ಧ," ಎಂದರು. "ಇದು ಆ ಪಂಗಡಕ್ಕೂ ಸೇರಲ್ಲ, ಈ ಪಂಗಡಕ್ಕೂ ಸೇರಲ್ಲ."

ಬೇಕರಿಯವನ ಮುಖ ಹೊಗೆಯಿಂದ ಮೊದಲೇ ಕಪ್ಪಾಗಿತ್ತು. "ಸ್ವಾಮಿ, ಟ್ಯಾಂಕು ಖಾಲಿ ಮಾಡಿ ಮತ್ತೆ ಎಥೆನಾಲ್ ತುಂಬಿದ್ರೆ ಆಗಲ್ವ? ಇನ್ನೂ ಮುಕ್ಕಾಲು ಗಂಟೆ ಇದೆ. ಕ್ಯಾನಲ್ಲಿ ಉಳಿದಿದೆ."

"ಹಾಗೆ ಮಾಡ್ಬಹುದು," ಎಂದರು ತಪಾಸಣೆಯವರು.

ಮೇಷ್ಟ್ರು ಮುಂದೆ ಬಂದು ಕಾರಿಗೆ ಅಡ್ಡ ನಿಂತರು.

"ಮಾಡಬಾರ್ದು ಸರ್. ಟ್ಯಾಂಕು ಖಾಲಿಯಾದ್ರೂ ಪೈಪಲ್ಲಿ ಉಳಿದಿರುತ್ತೆ, ಫಿಲ್ಟರಲ್ಲಿ ಉಳಿದಿರುತ್ತೆ. ಅಲ್ದೆ ಟರ್ಬೊನೇ ತಪ್ಪು. ಈ ಮೈದಾನದ ತಿರುವುಗಳೆಲ್ಲ ಚಿಕ್ಕವು. ದೊಡ್ಡ ಟರ್ಬೊ ಎಚ್ಚರ ಆಗೋ ಹೊತ್ತಿಗೆ ತಿರುವೇ ಮುಗಿದಿರುತ್ತೆ. ಆಮೇಲೆ ಒದ್ದರೆ ಕಾರು ನೆಟ್ಟಗೆ ಜನರ ಕಡೆ ಹೋಗುತ್ತೆ. ಇಂಥ ಕಾರು ನಾನೇ ತಪಾಸಣೆ ಮಾಡಿದ್ರೂ ಒಳಗೆ ಬಿಡ್ತಿರ್ಲಿಲ್ಲ."

ಅದಾದ ಮೇಲೆ ಕೋನ ಎಷ್ಟಿರಬೇಕು, ಜಾರುವಾಗ ಮುಂದಿನ ಚಕ್ರ ಎತ್ತ ನೋಡಬೇಕು, ಹೊಗೆ ನೋಡಿ ಚಾಲಕನ ಕಾಲನ್ನು ಹೇಗೆ ಓದಬೇಕು ಎಂದು ಹತ್ತು ನಿಮಿಷ ಹೇಳಿದರು. ಪ್ರಾಣದ ಪ್ರಶ್ನೆಯಾದ್ದರಿಂದ ಅವತ್ತಿನಷ್ಟು ಚೆನ್ನಾಗಿ ಅವರು ಯಾವತ್ತೂ ಮಾತಾಡಿರಲಿಲ್ಲ. ತಪಾಸಣೆಯವರು ಕಣ್ಣು ಮಿಟುಕಿಸದೆ ಕೇಳಿದರು. ಕೊನೆಗೆ ಪಟ್ಟಿಯಲ್ಲಿದ್ದ ಹೆಸರಿನ ಮೇಲೆ ಉದ್ದಕ್ಕೆ ಗೆರೆ ಎಳೆದರು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಮೇಷ್ಟ್ರಿಗೆ ಆಕಾಶ ಅಷ್ಟು ಅಗಲ ಇದೆ ಎಂದು ಆಗ ಕಂಡಿತು. ಮೈದಾನದ ಅಂಚಿನ ಹುಲ್ಲಿನ ಮೇಲೆ ಕಾಲು ಚಾಚಿ ಕೂತರು. ಬೇಕರಿಯವನು ಮೂಗು ಒರೆಸಿಕೊಳ್ಳುತ್ತಿದ್ದ. ಅವನ ಬೆನ್ನು ತಟ್ಟಿ ಸಮಾಧಾನ ಮಾಡಿದರು. ಅಕ್ಕನಿಗೆ, ನಿಮ್ಮ ಕೆಲಸದಲ್ಲಿ ಒಂದೂ ಕುಂದಿಲ್ಲ ಎಂದರು. ತಲೆ ತಗ್ಗಿಸಿ ನಿಂತಿದ್ದ ಮಾವನಿಗೆ ತಾವು ಕುಡಿಯುತ್ತಿದ್ದ ನೀರಿನ ಬಾಟಲಿಯನ್ನೇ ಕೊಟ್ಟರು. ಹೆಂಡತಿಗೆ ಫೋನು ಮಾಡಿದರು.

"ಕಾರು ತಗೊಳ್ಳಲ್ವಂತೆ ಕಣೇ."

"ಸದ್ಯ," ಎಂದಳು ಅವಳು. "ಹದಿನೈದು ದಿನದಿಂದ ನಿದ್ದೇಲಿ ನೀವು ಮಂಚದ ಕಾಲಿಗೆ ಬ್ರೇಕ್ ಹಾಕ್ತಿದ್ರಿ. ಬೇಗ ಮನೆಗೆ ಬನ್ನಿ."

ಎದ್ದು ಪ್ಯಾಂಟಿನ ಧೂಳು ಕೊಡವುತ್ತಿದ್ದಾಗ ತಪಾಸಣೆಯವರು ಮತ್ತೆ ಬಂದರು.

"ಸರ್, ಸಾವಿರಾರು ಜನರನ್ನ ನೋಡಿದೀನಿ. ಎಲ್ಲರೂ ತಮ್ಮ ಕಾರು ಒಳಗೆ ಬಿಡಿ ಅಂತ ಜಗಳ ಆಡ್ತಾರೆ. ತನ್ನ ಕಾರಿನ ವಿರುದ್ಧ ತಾನೇ ವಾದ ಮಾಡಿದವರು ನೀವೊಬ್ಬರೇ. ವಿಷಯಾನೂ ಗೊತ್ತು, ನ್ಯಾಯಾನೂ ಗೊತ್ತು. ನಾಳೆ ನಮಗೆ ತೀರ್ಪುಗಾರರಾಗಬೇಕು ನೀವು. ಇಲ್ಲ ಅನ್ನಬೇಡಿ."

ಮೇಷ್ಟ್ರ ಕಣ್ಣ ಮುಂದೆ ಒಂದು ಕುರ್ಚಿ, ಮೇಲೊಂದು ಶಾಮಿಯಾನ, ಕೈಯಲ್ಲೊಂದು ಪೆನ್ನು ಕಂಡವು. ಇದಕ್ಕೆ ಹುಟ್ಟಿದವನೇ ನಾನು ಅನ್ನಿಸಿತು. ಬೇಕರಿಯವನು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದ, ಅಕ್ಕನೂ ತಟ್ಟಿದಳು. ತಪಾಸಣೆಯವರು ಚಾಚಿದ ಕಾಗದದಲ್ಲಿ ತೋರಿಸಿದ ಕಡೆಯೆಲ್ಲ ಮೇಷ್ಟ್ರು ಸಹಿ ಹಾಕಿದರು. ಹಾಕಿದ ಮೇಲೆ ತಪಾಸಣೆಯವರು ಚೀಲದಿಂದ ಒಂದು ಹೆಲ್ಮೆಟ್ಟು, ಕುತ್ತಿಗೆಗೆ ಕಟ್ಟುವ ದಪ್ಪ ಪಟ್ಟಿ ಮತ್ತು ಒಂದು ಕಟ್ಟು ಪ್ಲಾಸ್ಟಿಕ್ ಕವರು ತೆಗೆದು ಅವರ ಕೈಗಿಟ್ಟರು.

"ಇದೆಲ್ಲ ಯಾಕೆ ಸರ್? ತೀರ್ಪುಗಾರರು ಕೂತ್ಕೊಳ್ಳೋದು ಎಲ್ಲಿ?"

"ಈ ಸಲ ಡ್ರೈವರ್ ಪಕ್ಕದ ಸೀಟಲ್ಲಿ. ಹೊಸಬರು ನೋಡಿ, ಹೊಗೆ ಜಾಸ್ತಿ ಎಬ್ಬಿಸ್ತಾರೆ, ಹೊರಗಿಂದ ಏನೂ ಕಾಣಲ್ಲ. ಇವತ್ತು ಅಭ್ಯಾಸಕ್ಕೆ ಬಂದಿದ್ದ ತೀರ್ಪುಗಾರರು ನಾಲ್ಕನೇ ಕಾರಿಗೇ ವಾಂತಿ ಮಾಡ್ಕೊಂಡು ಮನೆಗೆ ಹೋದ್ರು."

"ಒಟ್ಟು ಎಷ್ಟು ಕಾರು?" ಮೇಷ್ಟ್ರು ಕೈಯಲ್ಲಿದ್ದ ಕವರುಗಳನ್ನು ಎಣಿಸತೊಡಗಿದರು.

"ನಿಮ್ಮದು ಬಿಟ್ಟು ಇಪ್ಪತ್ತಮೂರು. ಒಬ್ಬೊಬ್ಬರಿಗೆ ಮೂರು ಸುತ್ತು. ಬೆಳಿಗ್ಗೆ ಹೆಚ್ಚು ತಿನ್ಬೇಡಿ."

ತಪಾಸಣೆಯವರು ನಿರಾಳವಾಗಿ ಕೈ ಕುಲುಕಿ ಹೊರಟುಹೋದರು. ಮಾವ ಹೆಲ್ಮೆಟ್ಟನ್ನು ಇಸಕೊಂಡು, ಅಳಿಯನ ತಲೆಗೆ ಮೆಲ್ಲಗೆ ತೊಡಿಸಿ, ಗಲ್ಲದ ಪಟ್ಟಿ ಬಿಗಿದು, ಸರಿ ಕೂತಿದೆಯೇ ಎಂದು ಎರಡು ಸಲ ತಟ್ಟಿ ನೋಡಿದರು.

"ನಿಮ್ಮ ಕಾರೇ ಆಗಿದ್ರೆ ಅಳಿಯಂದ್ರೇ," ಎಂದರು, "ಬ್ರೇಕಾದ್ರೂ ನಿಮ್ಮ ಕಾಲಡಿ ಇರ್ತಿತ್ತು."