ಬೆನ್ನಿನ ಫೋಟೋಗ್ರಾಫರ್

ನಮ್ಮ ಸೋದರಮಾವ ರಾಯಚೂರಿನ ಅತ್ಯುತ್ತಮ ಫೋಟೋಗ್ರಾಫರ್. ನಂಬಿಕೆ ಬರದಿದ್ದರೆ ನಿಮ್ಮ ಬೆನ್ನನ್ನೇ ಕೇಳಿ!

ಮದುವೆಗೆ ಕರೆದರೆ ಮಾವ ವೇದಿಕೆಯ ಹಿಂದೆ ಹೋಗಿ ನಿಲ್ಲುತ್ತಾನೆ. ಮದುಮಗಳ ಜಡೆ, ಮದುಮಗನ ಕಿವಿ, ಬೀಗರ ಬೋಳುತಲೆ, ಯಾವುದನ್ನೂ ಬಿಡುವುದಿಲ್ಲ. ಸಿರವಾರದಲ್ಲಿ ಹೆಣ್ಣಿನ ತಂದೆ ಆಲ್ಬಮ್ ತಿರುವಿ ತಿರುವಿ ಸುಸ್ತಾಗಿ, "ಇದ್ರಾಗ ನಮ್ಮ ಹುಡುಗಿ ಮಕ ಎಲ್ಲಿ ಅದರಿ?" ಎಂದರು.

"ಮಕ ದಿನಾ ನೋಡ್ತೀರಿ. ಬೆನ್ನು ಯಾರು ನೋಡ್ತಾರ್ರಿ?" ಎಂದ ಮಾವ.

ಅವರು ಎರಡನೇ ಮಗಳ ಮದುವೆಗೂ ಮಾವನನ್ನು ಕರೆದರು. ಊಟಕ್ಕೆ ಮಾತ್ರ, ಕ್ಯಾಮೆರಾ ಮನೆಯಲ್ಲಿ ಬಿಟ್ಟು ಬರುವ ಷರತ್ತಿನ ಮೇಲೆ.

ಈ ಹುಚ್ಚು ಹಿಡಿಸಿದವನು ದೇವದುರ್ಗದ ಶಿಲ್ಪಿ, ಮಾವನ ಜೀವದ ಗೆಳೆಯ. ತೀರಿಕೊಂಡವರ ಮೂರ್ತಿ ಬೇಕೆಂದು ಜನ ಅವನ ಬಳಿ ಒಂದೇ ಒಂದು ಚಿಕ್ಕ ಫೋಟೋ ತರುತ್ತಾರೆ. ಅವನು ಅದನ್ನು ತಿರುವಿ ಹಿಂಬದಿ ನೋಡುತ್ತಾನೆ! "ಬರೀ ಬಿಳಿ ಕಾಗದ. ಈ ಮನಿಶ್ಯಾಗ ಹೆಡಕ, ಬೆನ್ನು ಏನೂ ಇರಲಿಲ್ಲೇನಲೇ?" ಎಂದು ಮಾವನಿಗೆ ಬೈಯುತ್ತಾನೆ, ಫೋಟೋ ತೆಗೆದವನು ಮಾವನಲ್ಲದಿದ್ದರೂ.

"ನಿನ್ನ ಮೂರ್ತಿ ಒಂದಾದ್ರೂ ನಕ್ಕದೇನು?" ಎಂದು ಮಾವನ ತಿರುಗೇಟು.

"ಫೋಟೋದಾಗಿನ ಮಂದಿ ನಗ್ತಾರ. ಸುತ್ತ ಬಂದು ನೋಡಿದ್ರ ಯಾರೂ ಇರಂಗಿಲ್ಲ."

ಇಷ್ಟಾದ ಮೇಲೆ ಇಬ್ಬರೂ ಒಂದೇ ತಟ್ಟೆಯ ಮಂಡಾಳು ಒಗ್ಗರಣೆಗೆ ಕೈ ಹಾಕುತ್ತಾರೆ. ಮಿರ್ಚಿ ಮಾತ್ರ ಬೇರೆ ಬೇರೆ.

ಇನ್ನು ನಾನು? ಕಂಡವರ ನಡಿಗೆ, ಮಾತು ನಕಲು ಮಾಡಿ ಹೊಟ್ಟೆ ಹೊರೆಯುವವನು. ನನ್ನ ಸ್ವಂತ ನಡಿಗೆ ಹೇಗಿತ್ತೆಂಬುದು ನನಗೇ ನೆನಪಿಲ್ಲ.

ಹೋದ ವರ್ಷ ಮಾನ್ವಿಯ ಟೀಚರೊಬ್ಬರು ತೀರಿಹೋದ ತಮ್ಮ ಅವ್ವನ ಮೂರ್ತಿ ಮಾಡಿಸಲು ಶಿಲ್ಪಿಯ ಮನೆಗೆ ಬಂದರು. ಮಾವ, ನಾನು ಅಲ್ಲೇ ಇದ್ದೆವು. ಚೀಕಲಪರ್ವಿಯ ಗದ್ದೆಗಳಲ್ಲಿ ಹೊರೆ ಹೊತ್ತು ಮಗಳನ್ನು ಓದಿಸಿದ ಅವ್ವ. ಉಳಿದಿದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ನಾವು ನೀವೆಲ್ಲ ಹೇಗೆ ಕಾಣುತ್ತೇವೆಂದು ಬಿಡಿಸಿ ಹೇಳಬೇಕೇ?

"ಇದು ನಮ್ಮವ್ವ ಅಲ್ರೀ," ಎಂದರು ಟೀಚರ್. "ಇದನ್ನೇ ನೋಡಿ ನೋಡಿ, ಆಕಿ ಹೆಂಗಿದ್ಲು ಅಂತ ನನಗೂ ಮರಿಯಾಕತ್ತದ."

ಶಿಲ್ಪಿ ಉಳಿ ಕೆಳಗಿಟ್ಟ. "ಕಾಣದ್ದು ನಾ ಕೆತ್ತಂಗಿಲ್ರೀ."

ಮಾವ ನನ್ನತ್ತ ನೋಡಿದ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ನಾನು ಮೀಸೆ ಸಮೇತ ಶಿಲ್ಪಿಯ ಹೆಂಡತಿಯ ಸೀರೆಯೊಳಗಿದ್ದೆ!

"ಬೆನ್ನು ತಿರುಗಿಸಲೇ, ನಿನ್ನ ಮೀಸಿ ಯಾರಿಗೆ ಬೇಕು," ಎಂದು ಮಾವ ಕ್ಯಾಮೆರಾ ಹಿಡಿದ.

ಹೊರೆ ಹೊತ್ತವಳಂತೆ ನಾಲ್ಕು ಹೆಜ್ಜೆ ನಡೆದು ತೋರಿಸಿದೆ.

"ಅವ್ವ ಹಂಗ ಬಳುಕ್ತಿರಲಿಲ್ಲಪ್ಪ. ಕುತ್ತಿಗಿ ನೆಟ್ಟಗ," ಎಂದರು ಟೀಚರ್. ಸೆಟೆದು ನಿಂತೆ. "ಅಯ್ಯ, ಈಗ ಪೊಲೀಸಪ್ಪ ಆದಿ."

ಎಲ್ಲರೂ ನಕ್ಕರು, ಟೀಚರೂ. ನಗುತ್ತಲೇ ಅವರಿಗೆ ಏನೋ ಹೊಳೆಯಿತು. "ಹೊರಿ ಇಳಿಸಿದ ಮ್ಯಾಲೂ ಆಕಿ ಕುತ್ತಿಗಿ ಹೊಳ್ಳಸ್ತಿರಲಿಲ್ಲ. ಕರದ್ರ ಪೂರಾ ಮೈನೇ ತಿರುಗತಿತ್ತು."

"ಕರೀರಿ ನೋಡೋಣು," ಎಂದ ಶಿಲ್ಪಿ.

"ಯವ್ವಾ," ಎಂದರು ಟೀಚರ್.

ತಲೆಯ ಮೇಲೆ ಇಲ್ಲದ ಹೊರೆ ಬೀಳದಂತೆ, ಹೆಗಲು, ಸೊಂಟ, ಪಾದ ಎಲ್ಲವನ್ನೂ ಕೂಡಿಸಿಕೊಂಡು ನಿಧಾನವಾಗಿ ತಿರುಗಿದೆ.

ಮೀಸೆ ಕಂಡರೂ ಯಾರೂ ನಗಲಿಲ್ಲ. ಟೀಚರ್ ಹತ್ತಿರ ಬಂದು ನನ್ನ ತಲೆಯ ಮೇಲಿನ ಸೆರಗು ಸರಿಮಾಡಿದರು. ಕೈ ಅಲ್ಲೇ ನಿಂತಿತು.

"ಫೋಟೋ ತಗದ್ಯೇನು?" ಶಿಲ್ಪಿ ಮೆಲ್ಲಗೆ ಕೇಳಿದ.

ಮಾವನ ಕ್ಯಾಮೆರಾ ಎದೆಯ ಮೇಲೆ ಜೋತುಬಿದ್ದಿತ್ತು. "ಇಲ್ಲಲೇ. ಆಗಲಿಲ್ಲ."

ಇನ್ನು ಜಗಳ ಶುರುವಾಯಿತು ಎಂದುಕೊಂಡೆ. ಶಿಲ್ಪಿ ಮಾವನ ಹೆಗಲ ಮೇಲೆ ಕೈಯಿಟ್ಟ.

"ಇರಲಿ ಬಿಡು. ನಾ ನೋಡೀನಿ."

ಸೆರಗಿನೊಳಗೆ ಸೆಕೆಗೆ ಬೆವರುತ್ತಿದ್ದೆ. ಟೀಚರ್ ಕೈ ತೆಗೆಯುವವರೆಗೂ ನಾನು ಕುತ್ತಿಗೆ ಹೊಳ್ಳಿಸಲಿಲ್ಲ.