ಮುನ್ನಾಧಾರ ಕೇಳುವ ಮಾವ

ನನ್ನ ಮಾವ ಈ ಜಗತ್ತಿನಲ್ಲಿ ನಂಬುವುದು ಇಬ್ಬರನ್ನು ಮಾತ್ರ. ಒಬ್ಬರು ಸ್ವತಃ ಅವರೇ. ಇನ್ನೊಬ್ಬರು ಯಾರೆಂಬುದು ಇನ್ನೂ ಪರಿಶೀಲನೆಯಲ್ಲಿದೆ!

ಮಾವ ಎಂದರೆ ನೆಕ್ರಾಜೆಯ ನನ್ನ ಸೋದರತ್ತೆಯ ಗಂಡ. ಮೂವತ್ತು ವರ್ಷ ರಿಜಿಸ್ಟ್ರಾರ್ ಆಫೀಸಿನ ಎದುರಿನ ಕೋಣೆಯಲ್ಲಿ ಕೂತು ಜಮೀನಿನ ದಸ್ತಾವೇಜು ಬರೆದವರು. ದಸ್ತಾವೇಜಿಗೆ ನಮ್ಮಲ್ಲಿ ಆಧಾರ ಎನ್ನುತ್ತಾರೆ. ಜಾಗ ಮಾರುವವನಿಗೆ ಅದು ಯಾರಿಂದ ಬಂತೆಂದು ತೋರಿಸುವ ಹಳೆಯ ಪತ್ರ ಮುನ್ನಾಧಾರ. ಮುನ್ನಾಧಾರ ನೋಡದೆ ಮಾವ ಪಕ್ಕದ ಮನೆಯ ಮಾವಿನ ಮಿಡಿಯನ್ನೂ ಮುಟ್ಟುವವರಲ್ಲ. ನನ್ನ ಮದುವೆಯ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಓದಿ, "ಬನ್ನಿ ಅಂತ ದೊಡ್ಡ ಅಕ್ಷರದಲ್ಲಿ ಉಂಟು, ಉಡುಗೊರೆ ಬೇಡ ಅಂತ ಸಣ್ಣದರಲ್ಲಿ. ಇದರಲ್ಲಿ ಯಾವುದು ನಿಜ ಮಾರಾಯ?" ಎಂದಿದ್ದರು.

ಅತ್ತೆ ಇದಕ್ಕೆ ಪೂರ್ತಿ ವಿರುದ್ಧ. ಬಾಗಿಲಿಗೆ ಬಂದವರಿಗೆಲ್ಲ ಶೋಭಾನೆ, ಜೋಗುಳ ಹೇಳಿಕೊಡುತ್ತಿದ್ದವರು. ಅವರು ಹಾಡುವಾಗ ಮಾವ ಜಗಲಿಯಲ್ಲಿ ಪೇಪರು ಅಗಲಿಸಿ ಹಿಡಿದು ಕೂತಿರುತ್ತಿದ್ದರು. ಚೆಂದ ಉಂಟು ಎಂದು ಒಂದು ದಿನವೂ ಹೇಳಿದ್ದಿಲ್ಲ. "ಇವರಿಗೆ ನನ್ನ ಪದ್ಯವೂ ಒಂದೇ, ತೋಟದ ಪಂಪೂ ಒಂದೇ" ಎಂದು ಅತ್ತೆ ನಗುತ್ತಲೇ ದೂರುತ್ತಿದ್ದರು.

ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಅತ್ತೆ ಉಳಿದರು, ಸ್ವರ ಉಳಿಯಲಿಲ್ಲ. ಈಗ ಪಿಸುಮಾತು ಮಾತ್ರ. ಶಿಷ್ಯೆಯರು ಹಿಂದೆ ಫೋನಿನಲ್ಲಿ ಹಿಡಿದಿಟ್ಟಿದ್ದ ಹಾಡುಗಳನ್ನೆಲ್ಲ ಕೂಡಿಸಿ ನಾನು ಒಂದು ವೆಬ್‌ಸೈಟು ಮಾಡಿಕೊಟ್ಟೆ. ಬಂದ್ಯೋಡಿನಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ನಾನು ಮಾಡುವ ಕೆಲಸವೇ ಅದು. ಊರಿನವರು, ಗಲ್ಫಿನವರು ಅದನ್ನು ಕೇಳಿ ಕಲಿಯತೊಡಗಿದರು. ಅತ್ತೆಯ ಮುಖ ಮತ್ತೆ ಅರಳಿತು.

ಆಗ ದುಬೈಯಿಂದ ಒಬ್ಬಳು ಶಿಷ್ಯೆಯ ಫೋನು ಬಂತು. "ಅಮ್ಮನ ಜೋಗುಳ ಒತ್ತಿದರೆ ರಮ್ಮಿ ಆಟ ಬರ್ತದೆ ಅಣ್ಣ."

ನಾನು ತೆರೆದು ನೋಡಿದೆ, ಎಲ್ಲ ಸರಿ ಇತ್ತು. ಮತ್ತೆ ಇಬ್ಬರು ಅದೇ ದೂರು ಹೇಳಿದರು. ಅತ್ತೆ ನನ್ನನ್ನು ಹತ್ತಿರ ಕರೆದು, "ನನ್ನಿಂದಾಗಿ ಯಾರಿಗೂ ಉಪದ್ರ ಬೇಡ. ಮುಚ್ಚಿಬಿಡು" ಎಂದು ಪಿಸುಗುಟ್ಟಿದರು. ಮುಚ್ಚಿದರೆ ಅತ್ತೆಯ ಪಾಠ ಅಲ್ಲಿಗೆ ಮುಗಿದ ಹಾಗೆ.

"ಮುಚ್ಚುವುದು ಆಮೇಲೆ. ಕಾಗದ ತೆಗಿ" ಎಂದರು ಮಾವ. ಸೈಟಿನ ಥೀಮ್, ಅಂದರೆ ಅದರ ಸಿದ್ಧ ಉಡುಪು, ಪೂರ್ತಿ ಕೋಡಿನಲ್ಲಿರುತ್ತದೆ. ಅದಿಷ್ಟನ್ನೂ ಪ್ರಿಂಟ್ ಮಾಡಿಸಿದರು. ಇನ್ನೂರ ಹನ್ನೊಂದು ಹಾಳೆ! ಪ್ರತಿ ಹಾಳೆಗೂ ನಂಬರು ಹಾಕಿ, ಕೆಳಗೆ ರುಜು ಹಾಕಿ, ಕೆಂಪು ಪೆನ್ಸಿಲು ಹಿಡಿದು ಕೂತರು. ಒಂದಕ್ಷರ ಅರ್ಥವಾಗದ ಭಾಷೆಯಲ್ಲಿ ತಪ್ಪು ಹುಡುಕುವ ಧೈರ್ಯ ಇನ್ನಾರಿಗಿದೆ?

ಮೊದಲು ಸಿಕ್ಕಿಬಿದ್ದದ್ದು ಒಬ್ಬ ನಿರಪರಾಧಿ. "ಇಲ್ಲಿ ಒಬ್ಬನ ಹೆಸರು ಉಂಟು. ಸೈಟಿನಲ್ಲಿ ಇಲ್ಲ. ಯಾಕೆ?"

"ಅದು ಬರೆದವನ ಟಿಪ್ಪಣಿ ಮಾವ. ಈ ಗುರುತುಗಳ ನಡುವೆ ಬರೆದದ್ದನ್ನು ಕಂಪ್ಯೂಟರ್ ಬಿಟ್ಟುಬಿಡ್ತದೆ. ಒಳಗೆ ತೆರೆದು ನೋಡಿದವರಿಗೆ ಮಾತ್ರ ಕಾಣುವುದು."

"ಹಾಗೆಯೂ ಬರೀಲಿಕ್ಕೆ ಆಗ್ತದಾ?" ಎಂದು ಮಾವ ಕನ್ನಡಕ ಸರಿಪಡಿಸಿಕೊಂಡರು.

ನೂರ ನಲವತ್ತನೇ ಹಾಳೆಯಲ್ಲಿ ಪೆನ್ಸಿಲು ನಿಂತಿತು. ಅರ್ಥವಿಲ್ಲದ ಅಕ್ಷರ, ಅಂಕಿಗಳು ಸೇರಿದ ಉದ್ದನೆಯ ಒಂದೇ ಸಾಲು. ಓದಲಾಗದ ಸಾಲೆಲ್ಲ ಕೆಟ್ಟದ್ದಲ್ಲ, ಜಾಗ ಉಳಿಸಲೂ ಹಾಗೆ ಬರೆಯುತ್ತಾರೆ ಎಂದೆ.

"ಇರಬಹುದು. ಇದರ ಮುನ್ನಾಧಾರ ಎಲ್ಲಿ?"

ನನ್ನ ಮುಖ ಸಣ್ಣದಾಯಿತು. ಥೀಮ್ ಮಾಡಿದವರಿಂದ ನಾನದನ್ನು ತಂದಿರಲಿಲ್ಲ, ಯಾರೋ ಪುಕ್ಕಟೆ ಹಂಚುತ್ತಿದ್ದ ಪ್ರತಿ ಅದು. ಮೂಲದವರ ಪ್ರತಿ ತರಿಸಿ ಹೋಲಿಸಿದೆ. ಅದರಲ್ಲಿ ಆ ಸಾಲು ಇರಲೇ ಇಲ್ಲ. ಸಾಲನ್ನು ಬಿಡಿಸಿದಾಗ ಗುಟ್ಟು ಹೊರಬಿತ್ತು. ಯಜಮಾನ ತೆರೆದರೆ ಸುಮ್ಮನಿರು, ಹೊರಗಿನವರು ಬಂದರೆ ರಮ್ಮಿಗೆ ಕಳಿಸು ಎಂದಿತ್ತು.

"ಅಡಗಿದ್ದು ತಪ್ಪಲ್ಲ ಮಾರಾಯ. ಯಾರಿಂದ ಅಡಗಿದೆ, ಯಾಕೆ ಅಡಗಿದೆ, ಅದನ್ನು ನೋಡಬೇಕು" ಎಂದು ಮಾವ ತೀರ್ಪು ಕೊಟ್ಟರು.

ಮೂಲದ ಥೀಮನ್ನೇ ಹಾಕಿದೆ. ಕೆಲಸ ಮುಗಿದ ಮೇಲೆ ಮಾವ ತಾವೂ ಒಂದು ಷರಾ ಬರೆಯಬೇಕೆಂದು ಹಟ ಹಿಡಿದರು. ಮಾವನ ಷರಾ ಇಲ್ಲದೆ ಯಾವ ಪತ್ರ ಪೂರ್ತಿಯಾಗಿದೆ? ಟಿಪ್ಪಣಿಯ ಜಾಗ ತೋರಿಸಿ ನಾನು ಊಟಕ್ಕೆ ಎದ್ದೆ. 'ಪರಿಶೀಲಿಸಲಾಗಿದೆ' ಎಂದು ಬರೆದಿರಬೇಕು ಎಂದುಕೊಂಡು ಮರೆತೇಬಿಟ್ಟೆ.

ಕಳೆದ ವಾರ ನೆಕ್ರಾಜೆಯಲ್ಲಿ ಕೂತು ಸೈಟಿಗೆ ಅತ್ತೆಯ ಇನ್ನೊಂದು ಹಳೆಯ ಹಾಡು ಸೇರಿಸುತ್ತಿದ್ದಾಗ ಜೋಗುಳದ ಕೋಡಿನ ಮೇಲ್ಗಡೆ ಮಾವನ ಷರಾ ಕಣ್ಣಿಗೆ ಬಿತ್ತು. 'ಇವಳು ಇದನ್ನು ಹೇಳುವಾಗ ನಾನು ಪೇಪರು ಓದುತ್ತಿರಲಿಲ್ಲ. ಕೇಳುತ್ತಿದ್ದೆ.'

ಯಾರಿಂದ ಅಡಗಿದೆ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಪರದೆಯ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

"ತೆಗೀಬೇಡ. ಹೊರಗೆ ಹಾಕುವುದೂ ಬೇಡ. ಅಲ್ಲಿಯೇ ಇರಲಿ" ಎಂದು ಪಿಸುಗುಟ್ಟಿದರು.

ಆಮೇಲೆ ಜಗಲಿಗೆ ಹೋಗಿ, ಪೇಪರು ಹಿಡಿದು ಕೂತಿದ್ದ ಮಾವನ ಪಕ್ಕದಲ್ಲಿ ಕೂತು, ಫೋನಿನಲ್ಲಿ ಆ ಜೋಗುಳವನ್ನೇ ಹಾಕಿದರು. ಹಾಡು ಮುಗಿಯುವವರೆಗೂ ಮಾವ ಪುಟ ತಿರುಗಿಸಲಿಲ್ಲ.